ಬಾದಲ್, ಡಾಲ್ಫಿನ್, ಮೊಂಟಾನಾ: ಬೆಂಗಳೂರಿನ ಫೈಬರ್ ಕಾರುಗಳು

ಬೆಂಗಳೂರಿನಲ್ಲಿ 1970ರ ದಶಕದ ಮಧ್ಯಭಾಗದಿಂದ 1990ರ ದಶಕದ ಕೊನೆಯವರೆಗೆ ಒಂದು ಕಾರು ಕಂಪನಿ ಇತ್ತು. ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂದು ಶುರುವಾಗಿ ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿ ಬಾದಲ್, ಡಾಲ್ಫಿನ್, ಮೊಂಟಾನಾ ಎಂಬ ಪುಟ್ಟ ಕಾರುಗಳನ್ನು ತಯಾರಿಸಿತು. ಎಲ್ಲಕ್ಕೂ ಫೈಬರ್ ಗ್ಲಾಸ್ ಮೈ. ಯಾವುದೂ ಹೆಚ್ಚು ಮಾರಾಟವಾಗಲಿಲ್ಲ. ಇಂದು ಅವು ಬೆರಳೆಣಿಕೆಯಷ್ಟು ಉಳಿದಿವೆ. ಹಾಗೆ ಉಳಿದವನ್ನು ಹುಡುಕಿ ತಂದು, ಬಿಚ್ಚಿ, ಮತ್ತೆ ಜೋಡಿಸಿ ಓಡಿಸುವ ಒಂದು ಸಣ್ಣ ಬಳಗವೇ ಇದೆ. ಜನ ಬೇಡವೆಂದ ಕಾರು ಸಂಗ್ರಾಹಕರಿಗೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಆ ಕಾರುಗಳು ಹುಟ್ಟಿದ ರೀತಿಯಲ್ಲೇ ಇದೆ.

ಅದು ಲೈಸೆನ್ಸ್ ರಾಜ್ಯದ ಕಾಲ. ದೇಶದಲ್ಲಿ ಕಾರು ತಯಾರಿಸಲು ಅನುಮತಿ ಇದ್ದದ್ದು ಮುಖ್ಯವಾಗಿ ಮೂರು ಕಂಪನಿಗಳಿಗೆ. ಕಲ್ಕತ್ತೆಯ ಹತ್ತಿರದ ಉತ್ತರಪಾರದಲ್ಲಿ ಹಿಂದೂಸ್ಥಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬೈಯಲ್ಲಿ ಫಿಯಟ್ ಎಂದೇ ಎಲ್ಲರೂ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಅದರ ಮುಂದಿನ ಗಸೆಲ್. ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಮೂವತ್ತು, ನಲವತ್ತು ಸಾವಿರದ ಆಸುಪಾಸು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕೊರಟಗೆರೆ, ಮಧುಗಿರಿ, ಪಾವಗಡದಂಥ ತಾಲ್ಲೂಕು ಕೇಂದ್ರಗಳಲ್ಲಿ ಸ್ವಂತ ಕಾರು ಇದ್ದ ಮನೆ ಊರಿಗೇ ಗೊತ್ತಿರುತ್ತಿತ್ತು. ಸ್ಕೂಟರಿಗಿಂತ ದೊಡ್ಡದು, ಅಂಬಾಸಿಡರ್‌ಗಿಂತ ಅಗ್ಗದ್ದು ಆಗುವ ಒಂದು ಕಾರು ಬೇಕೆಂಬ ಮಾತು 1960ರ ಸುಮಾರಿಗೆ ಎಲ್.ಕೆ. ಝಾ ಸಮಿತಿಯ ಕಾಲದಿಂದಲೂ ಇತ್ತು. ಹತ್ತು ವರ್ಷ ಕಳೆದರೂ ಅದು ಕಡತದಲ್ಲೇ ಉಳಿಯಿತು.

ಕಡತದ ಹೊರಗೆ ಪ್ರಯತ್ನಗಳು ನಡೆದೇ ಇದ್ದವು. ಬೆಳಗಾವಿ ಗಡಿಗೆ ಅಂಟಿಕೊಂಡ ಇಚಲಕರಂಜಿಯ ಶಂಕರರಾವ್ ಕುಲಕರ್ಣಿ 1940ರ ದಶಕದಿಂದ ಮೂರು ದಶಕ ‘ಮೀರಾ’ ಎಂಬ ಪುಟ್ಟ ಕಾರನ್ನು ಮತ್ತೆ ಮತ್ತೆ ತಿದ್ದಿ ಕಟ್ಟಿದರು. ಅದು ಕಾರ್ಖಾನೆಯ ಬಾಗಿಲು ಕಾಣಲಿಲ್ಲ. ಕೈಯಲ್ಲಿ ಕಸುಬಿದ್ದರೆ ಸಾಲದು, ದೆಹಲಿಯ ಕಾಗದವೂ ಬೇಕಿತ್ತು. ಆ ಕಾಗದ 1970ರಲ್ಲಿ ಹೊರಬಿತ್ತು. ಸಣ್ಣ ಕಾರು ತಯಾರಿಸಲು ಖಾಸಗಿಯವರಿಗೆ ಕೇಂದ್ರ ಸರ್ಕಾರ ಒಪ್ಪಿಗೆ ಪತ್ರ ಕೊಡತೊಡಗಿತು. ಪಡೆದವರಲ್ಲಿ ಪ್ರಧಾನಿಯ ಮಗ ಸಂಜಯ್ ಗಾಂಧಿ ಒಬ್ಬರು. ಅವರ ಮಾರುತಿ ಲಿಮಿಟೆಡ್ 1971ರಲ್ಲಿ ಹುಟ್ಟಿತು. ಕಾರು ಪೂರ್ತಿ ಸ್ವದೇಶಿ ಆಗಿರಬೇಕು, ವಿದೇಶಿ ಸಹಯೋಗ ಕೂಡದು ಎಂಬ ಷರತ್ತಿತ್ತು. ಇಂಥ ಕಟ್ಟುಪಾಡಿನ ನಡುವೆ ಬೆಂಗಳೂರಿನ ಸನ್‌ರೈಸ್ ತಲೆ ಎತ್ತಿತು. ಸ್ಥಾಪನೆಯ ವರ್ಷವನ್ನು ಕೆಲವರು 1973 ಎಂದೂ ಕೆಲವರು 1974 ಎಂದೂ ಬರೆಯುತ್ತಾರೆ.

ಆ ಹೊತ್ತಿಗೆ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ಬೆಲೆ ದಿಢೀರನೆ ಏರಿತ್ತು. ಇದ್ದ ಕಾರುಗಳಿಗೇ ಗಿರಾಕಿ ಕಡಿಮೆಯಾದ ದಿನಗಳವು. ಕಡಿಮೆ ಎಣ್ಣೆ ಕುಡಿಯುವ ಗಾಡಿಗೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿರಲಿಲ್ಲ. ಊರೂ ತಕ್ಕದ್ದೇ ಆಗಿತ್ತು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಮೈಕೊ ಕಾರ್ಖಾನೆಗಳಿಂದಾಗಿ ಬೆಂಗಳೂರಿನಲ್ಲಿ ಟರ್ನರ್, ಫಿಟ್ಟರ್, ಟೂಲ್‌ರೂಮ್ ಕೆಲಸಗಾರರಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬಂಡವಾಳಕ್ಕೆ. ಕಾರಿನ ತಗಡಿನ ಮೈ ಒತ್ತಲು ಬೇಕಾದ ದೊಡ್ಡ ಪ್ರೆಸ್‌ಗಳು ಮತ್ತು ಉಕ್ಕಿನ ಡೈಗಳ ವೆಚ್ಚ ಹುಟ್ಟಬೇಕಾದರೆ ಸಾವಿರಾರು ಕಾರು ಮಾರಬೇಕು. ನೂರಾರು ಕಾರು ಮಾಡುವವರಿಗೆ ಆ ದಾರಿ ಮುಚ್ಚಿತ್ತು. ಉಳಿದ ದಾರಿ ಫೈಬರ್ ಗ್ಲಾಸ್.

ಫೈಬರ್ ಮೈ ತಯಾರಾಗುವುದನ್ನು ನೋಡಿದರೆ ಕಾರ್ಖಾನೆಗಿಂತ ಎರಕದ ಮನೆ ನೆನಪಾಗುತ್ತದೆ. ಮೊದಲು ಕಾರಿನ ಆಕಾರದ ಮಾದರಿ ಮಾಡಿ ಅದರಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಉಜ್ಜಿ ಹೊಳಪು ಬರಿಸುತ್ತಾರೆ. ಇಲ್ಲದಿದ್ದರೆ ಆಮೇಲೆ ಅದು ಬಿಟ್ಟು ಬರುವುದಿಲ್ಲ. ಅದರ ಮೇಲೆ ಜೆಲ್ ಕೋಟ್ ಎಂಬ ದಪ್ಪ ಬಣ್ಣದ ಪದರ. ಅದು ಹದಕ್ಕೆ ಬಂದಾಗ ಗಾಜಿನ ಎಳೆಯ ಚಾಪೆ ಹಾಸಿ, ಗಟ್ಟಿಕಾರಕ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಅನ್ನು ಬ್ರಷ್‌ನಿಂದ ಬಳಿಯುತ್ತಾರೆ. ಬಿಳಿ ಚಾಪೆ ರೆಸಿನ್ ಕುಡಿದು ಪಾರದರ್ಶಕವಾಗುತ್ತಾ ಹೋಗುತ್ತದೆ. ಎಲ್ಲಿ ಬಿಳುಪು ಉಳಿಯಿತೋ ಅಲ್ಲಿ ಗಾಳಿ ಸೇರಿದೆ ಎಂದರ್ಥ. ಹಲ್ಲಿರುವ ರೋಲರ್ ಉರುಳಿಸಿ ಆ ಗಾಳಿಯನ್ನು ಹೊರಗೆ ತಳ್ಳಬೇಕು. ಹೀಗೆ ಎರಡು ಮೂರು ಪದರ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ, ಅಂಚು ಕತ್ತರಿಸಿ, ಉಕ್ಕಿನ ಚಾಸಿಯ ಮೇಲೆ ಕೂರಿಸುತ್ತಾರೆ. ಇಡೀ ಕೆಲಸ ನಿಂತಿರುವುದು ಕೆಲಸಗಾರನ ಕೈಯ ಮೇಲೆ. ಒಂದೇ ಅಚ್ಚಿನಿಂದ ಬಂದ ಎರಡು ಬಾಗಿಲು ದಪ್ಪದಲ್ಲಿ ಒಂದೇ ಆಗಿರುವ ಖಾತ್ರಿ ಇಲ್ಲ. ಈ ಕೈಗೆಲಸವೇ ಸಿಪಾನಿ ಕಾರುಗಳ ಹುಟ್ಟಿಗೂ ಸೋಲಿಗೂ ಮುಂದೆ ಅವು ಬದುಕಿ ಉಳಿದದ್ದಕ್ಕೂ ಕಾರಣ.

ಮೊದಲು ಬಂದದ್ದು 1975ರ ಬಾದಲ್. ಹಿಂದಿಯಲ್ಲಿ ಮೋಡ ಎಂದರ್ಥ. ಮುಂದೆ ಒಂದು ಚಕ್ರ, ಹಿಂದೆ ಎರಡು. ಹಿಂಬದಿಯಲ್ಲಿ 198 ಸಿಸಿಯ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಚಾಲಕನ ಕಡೆ ಒಂದು ಬಾಗಿಲು, ಇನ್ನೊಂದು ಕಡೆ ಎರಡು. ಅದನ್ನು ಇಂಗ್ಲೆಂಡಿನ ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರಿನ ನಕಲು ಎನ್ನುವವರಿದ್ದಾರೆ. ರಾಬಿನ್‌ನ ನಾಲ್ಕು ಸಿಲಿಂಡರಿನ ಎಂಜಿನ್ ಇರುವುದು ಮುಂದೆ; ಹಾಗಾಗಿ ಚಕ್ರದ ಲೆಕ್ಕ ಬಿಟ್ಟರೆ ಹೋಲಿಕೆ ನಿಲ್ಲುವುದಿಲ್ಲ. ಬಾದಲ್‌ನ ಕರುಳು ಆಟೊರಿಕ್ಷಾಕ್ಕೆ ಹತ್ತಿರದ್ದು, ಮೈ ಮಾತ್ರ ಕಾರಿನದು. ಕಾರು ಕೊಳ್ಳುವಷ್ಟು ಹಣವಿದ್ದವರಿಗೆ ಆಟೊ ಸದ್ದಿನ ಕಾರು ಬೇಕಿರಲಿಲ್ಲ, ಆಟೊ ಓಡಿಸಿ ಬದುಕುವವರಿಗೆ ಬಾಗಿಲಿರುವ ಗಾಡಿ ಬೇಕಿರಲಿಲ್ಲ. ಮುಂದೆ ನಾಲ್ಕು ಚಕ್ರದ ಬಾದಲ್ ಕೂಡ ಬಂತು. ಎಂಜಿನ್ ಬದಲಾಗದೆ ಚಕ್ರವೊಂದು ಸೇರಿದರೆ ಜನ ಮನಸ್ಸು ಬದಲಿಸುತ್ತಾರೆಯೇ? ಅದೂ ಹೋಗಲಿಲ್ಲ.

ಕಂಪನಿಯ ಭಾಗ್ಯ ತುಸು ತಿರುಗಿದ್ದು ರಿಲಯಂಟ್‌ನ ನಂಟಿನಿಂದಲೇ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ಈ ಸಣ್ಣ ಕಂಪನಿಗೆ ವಿಶೇಷ ಅನುಭವವೊಂದಿತ್ತು. ದೊಡ್ಡ ಪ್ರೆಸ್‌ಗಳನ್ನು ಕೊಳ್ಳಲಾಗದ ದೇಶಗಳಿಗೆ ಫೈಬರ್ ಕಾರು ಕಟ್ಟುವುದನ್ನು ಅದು ಕಲಿಸಿಕೊಟ್ಟಿತ್ತು. ಇಸ್ರೇಲಿನ ಆಟೊಕಾರ್ಸ್ ಕಂಪನಿಯ ಕಾರುಗಳು, 1966ರಲ್ಲಿ ತುರ್ಕಿಯಲ್ಲಿ ಹೊರಬಂದ ಅನಾಡೋಲ್ ಎರಡರ ಹಿಂದೆಯೂ ರಿಲಯಂಟ್ ಇತ್ತು. ಹಳ್ಳಿಗಳಲ್ಲಿ ನಿಲ್ಲಿಸಿದ ಅನಾಡೋಲನ್ನು ದನಗಳು ಮೆಲ್ಲುತ್ತವೆ ಎಂಬ ದಂತಕತೆ ತುರ್ಕಿಯಲ್ಲಿ ಇಂದಿಗೂ ಇದೆ. ತಗಡಿಗೆ ಒಗ್ಗಿದ ಜನ ಫೈಬರ್ ಅನ್ನು ಎಷ್ಟು ಅನುಮಾನದಿಂದ ನೋಡುತ್ತಿದ್ದರು ಎಂಬುದು ಆ ಕತೆಯಲ್ಲೇ ಗೊತ್ತಾಗುತ್ತದೆ. ಅದೇ ರಿಲಯಂಟ್ 1975ರಲ್ಲಿ ಕಿಟನ್ ಎಂಬ ನಾಲ್ಕು ಚಕ್ರದ ಪುಟ್ಟ ಕಾರು ತಂದಿತ್ತು. ಇಂಗ್ಲೆಂಡಿನಲ್ಲಿ ಕಿಟನ್ ನಿಂತ 1982ರಲ್ಲೇ ಬೆಂಗಳೂರಿನಲ್ಲಿ ಅದು ಡಾಲ್ಫಿನ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು.

ಡಾಲ್ಫಿನ್ ಬಾದಲ್‌ನಂತಲ್ಲ, ನಿಜವಾದ ಕಾರು. 848 ಸಿಸಿಯ ನಾಲ್ಕು ಸಿಲಿಂಡರ್, ನೀರಿನಿಂದ ತಣಿಯುವ ಎಂಜಿನ್, ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಂ. ಶಕ್ತಿ ಸುಮಾರು 40 ಅಶ್ವಶಕ್ತಿ. ಮೂಲ ಕಿಟನ್‌ನ ತೂಕ 500 ಕಿಲೋಗಿಂತ ಸ್ವಲ್ಪವೇ ಹೆಚ್ಚು. ಅಂಬಾಸಿಡರ್‌ನ ಅರ್ಧಕ್ಕಿಂತಲೂ ಕಡಿಮೆ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ತಿರುವಂತೂ ಲಂಡನ್ ಟ್ಯಾಕ್ಸಿಗಿಂತ ಚಿಕ್ಕದು. ಹಗುರ ಮೈ, ಚುರುಕು ಎಂಜಿನ್, ಹಿಂದಿನ ಚಕ್ರದ ಎಳೆತ ಮೂರೂ ಒಂದೇ ಕಡೆ ಸಿಕ್ಕಿದ್ದು ಆ ಕಾಲದ ರೇಸಿಗರಿಗೆ ಹಬ್ಬ. ಮದ್ರಾಸಿನ ಹತ್ತಿರದ ಶೋಲಾವರಂ ಹಳೆಯ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಡಾಲ್ಫಿನ್ ಹೆಸರು ಮಾಡಿತು. ಷೋರೂಮಿನಲ್ಲಿ ಸಿಗದ ಗೌರವ ಅದಕ್ಕೆ ಮಣ್ಣಿನಲ್ಲಿ, ರನ್‌ವೇಯಲ್ಲಿ ಸಿಕ್ಕಿತು. ಇಂಗ್ಲೆಂಡಿನಲ್ಲಿಯೂ ಇದೇ ಎಂಜಿನ್ 750 ಫಾರ್ಮುಲಾ ಎಂಬ ಅಗ್ಗದ ರೇಸಿನ ಬೆನ್ನೆಲುಬಾಗಿತ್ತು. ಡಾಲ್ಫಿನ್ ತಿದ್ದುವ ಕಸುಬು ಹುಟ್ಟಿದ್ದು ಈ ರೇಸಿಂಗ್ ಶೆಡ್‌ಗಳಲ್ಲಿ: ಹೆಡ್ ತೆಗೆದು ಪೋರ್ಟ್ ಉಜ್ಜಿ ಅಗಲ ಮಾಡುವುದು, ಕಾರ್ಬ್ಯುರೇಟರ್ ಬದಲಿಸುವುದು, ಸ್ಪ್ರಿಂಗ್ ಗಿಡ್ಡ ಮಾಡುವುದು, ಒಳಗಿನ ಸೀಟು, ಕಾರ್ಪೆಟ್ ಕಿತ್ತು ಇನ್ನಷ್ಟು ಹಗುರ ಮಾಡುವುದು.

ಮನೆಗೆಂದು ಕೊಂಡವರ ಅನುಭವ ಬೇರೆ. ಅಲ್ಯೂಮಿನಿಯಂ ಎಂಜಿನ್ನಿಗೆ ನೀರಿನ ಪಥ್ಯ ಬೇಕು. ಅಂಬಾಸಿಡರ್‌ನ ಬೀಡುಕಬ್ಬಿಣದ ಬ್ಲಾಕ್ ಬಾವಿ ನೀರು, ಕೆರೆ ನೀರು ಯಾವುದನ್ನು ಹಾಕಿದರೂ ಬಹುಕಾಲ ತಾಳಿಕೊಳ್ಳುತ್ತಿತ್ತು. ಕೊರಟಗೆರೆಯಿಂದ ಉತ್ತರಕ್ಕೆ ಮಧುಗಿರಿ ದಾಟಿ ಪಾವಗಡದವರೆಗೆ ಹೋದಂತೆ ಬೋರ್‌ವೆಲ್ ನೀರು ಗಡುಸಾಗುತ್ತದೆ, ಫ್ಲೋರೈಡ್ ಹೆಚ್ಚುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಕಟ್ಟು ಕಟ್ಟುವ ನೀರದು. ಅಂಥ ನೀರು ರೇಡಿಯೇಟರಿಗೆ ಬಿದ್ದರೆ ಅಲ್ಯೂಮಿನಿಯಂನ ನೀರಿನ ದಾರಿಗಳಲ್ಲಿ ಉಪ್ಪು ಕಟ್ಟಿ ಲೋಹ ತಿನ್ನುತ್ತದೆ. ಎಂಜಿನ್ ಒಮ್ಮೆ ವಿಪರೀತ ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ತಾಲ್ಲೂಕಿನ ಗ್ಯಾರೇಜುಗಳ ಮೇಸ್ತ್ರಿಗಳ ಕೈ ಪಳಗಿದ್ದು ಅಂಬಾಸಿಡರ್, ಫಿಯಟ್, ಜೀಪುಗಳಲ್ಲಿ. ಮೈ ನಜ್ಜುಗುಜ್ಜಾದರೆ ತಗಡಿನಂತೆ ಸುತ್ತಿಗೆಯಲ್ಲಿ ಬಡಿದು ಟಿಂಕರಿಂಗ್ ಮಾಡುವಂತಿಲ್ಲ, ಫೈಬರ್ ಸೀಳುತ್ತದೆ. ಬಿಡಿಭಾಗ ಬೆಂಗಳೂರಿನಿಂದಲೇ ಬರಬೇಕು. ದೂರದ ಊರಿನವರು ಹಿಂಜರಿಯಲು ಇಷ್ಟು ಸಾಕಿತ್ತು.

ಅಷ್ಟರಲ್ಲಿ 1983ರ ಡಿಸೆಂಬರ್ 14 ಬಂತು. ಮೊದಲ ಮಾರುತಿ 800ರ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಗ್ರಾಹಕರ ಕೈಗಿತ್ತರು. ಸಂಜಯ್ ಗಾಂಧಿಯ ಹಳೆಯ ಮಾರುತಿ ಕಂಪನಿ ಒಂದು ಕಾರನ್ನೂ ಸರಿಯಾಗಿ ಮಾರುಕಟ್ಟೆಗೆ ತರದೆ ಮುಳುಗಿತ್ತು. ಅದರ ವ್ಯವಹಾರದ ಬಗ್ಗೆ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಸಿ. ಗುಪ್ತಾ ಆಯೋಗವನ್ನೇ ಕೂರಿಸಿತ್ತು. 1981ರಲ್ಲಿ ಸರ್ಕಾರವೇ ಮಾರುತಿ ಉದ್ಯೋಗ್ ಸ್ಥಾಪಿಸಿ, ಮರುವರ್ಷ ಜಪಾನಿನ ಸುಜುಕಿಗೆ ಶೇ 26ರಷ್ಟು ಪಾಲು ಕೊಟ್ಟು ಒಪ್ಪಂದ ಮಾಡಿಕೊಂಡಿತು. ಹೊಸ ಮಾರುತಿಗೆ 796 ಸಿಸಿ ಎಂಜಿನ್, ನಾಲ್ಕು ಬಾಗಿಲು, ತಗಡಿನ ಮೈ, ಎ.ಸಿ. ಹಾಕಿಸುವ ಅವಕಾಶ, ಸಾಲದ್ದಕ್ಕೆ ದೇಶದ ಉದ್ದಗಲಕ್ಕೂ ಸರ್ವಿಸ್ ಸ್ಟೇಷನ್. ಕಾರು ಹೊರಬರುವ ಮೊದಲೇ ಬುಕಿಂಗ್ ಲಕ್ಷ ದಾಟಿತ್ತು. ಎರಡು ಬಾಗಿಲಿನ ಡಾಲ್ಫಿನ್‌ಗೆ ಮಾರುಕಟ್ಟೆಯಲ್ಲಿ ಸಿಕ್ಕ ಅವಕಾಶ ಹೆಚ್ಚೆಂದರೆ ಎರಡು ವರ್ಷ.

ಸಿಪಾನಿ ಏಕೆ ಸೋತಿತು ಎಂಬುದರಲ್ಲಿ ಬರೆಯುವವರು ಎರಡು ಪಕ್ಷವಾಗಿದ್ದಾರೆ. ಸಣ್ಣ ಉದ್ಯಮಿಗೆ ಹಾಕಿದ್ದ ಷರತ್ತುಗಳನ್ನು ಸರ್ಕಾರ ತನ್ನದೇ ಕಂಪನಿಗೆ ಸಡಿಲಿಸಿತು, ಬಂಡವಾಳವನ್ನೂ ಹಾಕಿತು, ಆಟದ ನಿಯಮವೇ ಅರ್ಧದಲ್ಲಿ ಬದಲಾಯಿತು ಎನ್ನುವುದು ಒಂದು ಪಕ್ಷ. ಫೈಬರ್ ಮೈಯ ಕೈಗೆಲಸದಲ್ಲಿ ಗುಣಮಟ್ಟ ಒಂದೇ ಸಮ ಇರಲಿಲ್ಲ, ಮಾರಾಟದ ಜಾಲ ಬೆಳೆಯಲಿಲ್ಲ, ಮಾರುತಿ ಬರದಿದ್ದರೂ ಕಂಪನಿ ಸಣ್ಣದಾಗಿಯೇ ಉಳಿಯುತ್ತಿತ್ತು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನ್ಯಾಯ ಹೆಚ್ಚಿದೆ, ಎರಡನೆಯದರಲ್ಲಿ ಲೆಕ್ಕ ಸರಿಯಿದೆ. ಕೈಯಲ್ಲಿ ರೆಸಿನ್ ಬಳಿದು ಕಟ್ಟುವ ಕಾರು, ಪ್ರೆಸ್‌ನಿಂದ ನಿಮಿಷಕ್ಕೊಂದು ಬಾಗಿಲು ಉದುರಿಸುವ ಕಾರ್ಖಾನೆಯೊಡನೆ ಬೆಲೆಯಲ್ಲಿ ಹೋರಾಡಲು ಯಾವ ದೇಶದಲ್ಲೂ ಆಗಿಲ್ಲ. ತುರ್ಕಿಯ ಅನಾಡೋಲ್ ಕೂಡ ತಗಡಿನ ಕಾರುಗಳ ಮುಂದೆ 1980ರ ದಶಕದಲ್ಲಿ ಕಣ್ಮರೆಯಾಯಿತು.

ಆದರೂ ಕಂಪನಿ ಕೈಚೆಲ್ಲಲಿಲ್ಲ. ಜನರಿಗೆ ಹಿಂದಿನ ಸೀಟಿಗೂ ಬಾಗಿಲು ಬೇಕು ಎಂಬುದನ್ನು ಅರಿತು 1987ರಲ್ಲಿ ಐದು ಬಾಗಿಲಿನ ಮೊಂಟಾನಾ ತಂದಿತು. ಚಾಸಿಯೂ ಎಂಜಿನ್ನೂ ರಿಲಯಂಟ್ ವಂಶದವೇ ಆದರೂ ಮೈಯ ವಿನ್ಯಾಸ ಬೆಂಗಳೂರಿನದು. ಮುಂದೆ ಡೀಸೆಲ್ ಎಂಜಿನ್ ಇಟ್ಟ ಮಾದರಿಯೂ ಬಂತು. 1990ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಎಂಬ ದೊಡ್ಡ ಕಾರನ್ನು ಜೋಡಿಸಿ ಮಾರುವ ಯತ್ನವೂ ನಡೆಯಿತು. ಉದಾರೀಕರಣದ ಬಾಗಿಲು ತೆರೆದು ಸಿಯೆಲೊ, ಎಸ್ಕಾರ್ಟ್, ಎಸ್ಟೀಮ್ ಸಾಲುಗಟ್ಟಿ ಬರುತ್ತಿದ್ದ ಕಾಲದಲ್ಲಿ ಅದಕ್ಕೆ ಗಿರಾಕಿ ಸಿಗಲಿಲ್ಲ. 1997ರ ಹೊತ್ತಿಗೆ ಕಾರು ತಯಾರಿಕೆ ನಿಂತಿತು.

ಕಂಪನಿ ಮುಚ್ಚಿದ ಮೇಲೆ ಈ ಕಾರುಗಳ ಪಾಡು ಬಹಳ ಬೇಗ ಹದಗೆಟ್ಟಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬೆಲೆ ಇಲ್ಲ. ಅಂಬಾಸಿಡರ್ ಗುಜರಿಗೆ ಹೋದರೂ ತೂಕಕ್ಕೆ ಕಬ್ಬಿಣದ ದುಡ್ಡು ಹುಟ್ಟುತ್ತದೆ. ಫೈಬರ್ ಮೈಗೆ ಗುಜರಿಯವರೂ ಬೆಲೆ ಕಟ್ಟುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಚಾಸಿ ಕಳಚಿಕೊಂಡು ಮೈಯನ್ನು ಬಿಟ್ಟುಹೋಗುವುದೇ ರೂಢಿ. ವಿಚಿತ್ರವೆಂದರೆ ಅದರಿಂದಲೇ ಕೆಲವು ಉಳಿದವು. ತಗಡಿನ ಕಾರು ಹುಣಸೆ ಮರದ ಕೆಳಗೆ ಹತ್ತು ಮಳೆಗಾಲ ಕಳೆದರೆ ಮಡ್‌ಗಾರ್ಡ್, ಫ್ಲೋರ್, ಬಾಗಿಲ ಬುಡ ಎಲ್ಲವೂ ತುಕ್ಕಾಗಿ ಉದುರುತ್ತವೆ. ಫೈಬರ್‌ಗೆ ತುಕ್ಕಿಲ್ಲ. ಬಿಸಿಲಿಗೆ ಜೆಲ್ ಕೋಟ್ ಜೇಡರ ಬಲೆಯಂತೆ ಬಿರಿಯುತ್ತದೆ, ಬಣ್ಣ ಸುಣ್ಣದಂತೆ ಪುಡಿಯಾಗಿ ಕೈಗೆ ಹತ್ತುತ್ತದೆ. ಆಕಾರ ಮಾತ್ರ ಹಾಗೇ ಇರುತ್ತದೆ. ಒಳಗಿನ ಉಕ್ಕಿನ ಚಾಸಿ ಮಣ್ಣು ಸೇರಿದ್ದರೂ ಮೇಲಿನ ಮೈ ನಿಂತಿರುತ್ತದೆ.

ಆದ್ದರಿಂದ ಇಂಥ ಕಾರು ಕೊಳ್ಳುವ ಸಂಗ್ರಾಹಕ ಮೊದಲು ನೆಲಕ್ಕೆ ಮಲಗಿ ಟಾರ್ಚ್ ಹಿಡಿದು ಚಾಸಿ ನೋಡುತ್ತಾನೆ. ಸ್ಕ್ರೂಡ್ರೈವರ್‌ನಿಂದ ಕುಟ್ಟಿ ಟಣ್ ಎನ್ನುತ್ತದೋ ಮೊದ್ದು ಸದ್ದು ಬರುತ್ತದೋ ಕೇಳುತ್ತಾನೆ. ಆಮೇಲೆ ಕಾಗದ. ಆರ್‌ಸಿ ಪುಸ್ತಕ ಇಲ್ಲದ, ತೆರಿಗೆ ಬಾಕಿ ಬೆಳೆದ ಕಾರು ಎಷ್ಟೇ ಚೆನ್ನಾಗಿದ್ದರೂ ರಸ್ತೆಗಿಳಿಯಲಾರದು. ಕಾಗದ ಸರಿಯಿದ್ದರೆ ಬಿಡಿಭಾಗದ ಬೇಟೆ. ಇಲ್ಲಿ ಡಾಲ್ಫಿನ್ ಕೊಂಡವನ ಅದೃಷ್ಟ ಒಳ್ಳೆಯದು. ಅದೇ 848 ಸಿಸಿ ಎಂಜಿನ್ ಇಂಗ್ಲೆಂಡಿನ ರಾಬಿನ್, ರಿಯಾಲ್ಟೊಗಳಲ್ಲಿ ದಶಕಗಟ್ಟಲೆ ಓಡಿದ್ದರಿಂದ ಪಿಸ್ಟನ್, ಲೈನರ್, ಗ್ಯಾಸ್ಕೆಟ್‌ಗಳು ಅಲ್ಲಿಂದ ಇಂದಿಗೂ ಸಿಗುತ್ತವೆ. ಕಿಟನ್ ಪ್ರಿಯರದೇ ಸಂಘವೂ ಅಲ್ಲಿದೆ. ಸಿಗದಿರುವುದು ಸಣ್ಣ ಸಾಮಾನು: ಬೀಡಿಂಗ್ ರಬ್ಬರ್, ಬಾಗಿಲ ಹಿಡಿ, ಮುಂದಿನ ಗಾಜು. ಅವುಗಳಿಗೆ ಲೇತ್ ಅಂಗಡಿ, ರಬ್ಬರ್ ಅಚ್ಚಿನವರು, ಬೇರೆ ಕಾರಿನ ಭಾಗವನ್ನು ಉಜ್ಜಿ ಹೊಂದಿಸುವ ತಾಳ್ಮೆ ಬೇಕು. ಇಡೀ ಬಾನೆಟ್ಟೇ ಇಲ್ಲದಿದ್ದರೂ ಗಾಬರಿಯಿಲ್ಲ. ಇನ್ನೊಬ್ಬರ ಬಾನೆಟ್ ಎರವಲು ತಂದು, ಮೇಣ ಉಜ್ಜಿ ಅದರ ಮೇಲೇ ಅಚ್ಚು ತೆಗೆದು, ಆ ಅಚ್ಚಿನಿಂದ ಹೊಸದನ್ನು ಮಾಡಬಹುದು. ತಗಡಿನ ಅಪರೂಪದ ಕಾರಿಗೆ ಈ ಭಾಗ್ಯ ಸುಲಭಕ್ಕೆ ಇಲ್ಲ. ಬಂಡವಾಳವಿಲ್ಲದ ಕಂಪನಿ ಆರಿಸಿಕೊಂಡ ಕೈಗೆಲಸ ನಲವತ್ತು ವರ್ಷದ ನಂತರ ಒಬ್ಬ ಸಾಮಾನ್ಯ ಸಂಗ್ರಾಹಕನ ಶೆಡ್ಡಿನಲ್ಲಿ ಮತ್ತೆ ನಡೆಯುತ್ತದೆ.

ಮೂಲ ಎಂಜಿನ್ ಸತ್ತ ಕಾರುಗಳಲ್ಲಿ ಬೇರೆ ಎಂಜಿನ್ ಕೂರಿಸುವ ಮಾತು ಬರುತ್ತದೆ. ಮಾರುತಿ 800ರ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ಎಳೆಯುವುದರಿಂದ ಡಾಲ್ಫಿನ್‌ಗೆ ನೇರವಾಗಿ ಹೊಂದದು. ಮಾರುತಿ ಓಮ್ನಿಯದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಜೋಡಣೆಗೆ ಅದೇ ಹತ್ತಿರ, ಬಿಡಿಭಾಗವೂ ಪ್ರತಿ ಪೇಟೆಯಲ್ಲಿ ಸಿಗುತ್ತದೆ. ಮೂಲ ರೂಪವನ್ನೇ ಉಳಿಸಬೇಕೆನ್ನುವವರಿಗೆ ಇದು ಒಪ್ಪಿಗೆಯಿಲ್ಲ. ಡಾಲ್ಫಿನ್ ಮಟ್ಟಿಗೆ ಆ ವಾದ ಸ್ವಲ್ಪ ಬಿಗಿಯಾಯಿತು ಎನ್ನಬೇಕು. ರೇಸ್ ಕಾಲದಿಂದಲೂ ತಿದ್ದುಪಡಿ ಅದರ ಚರಿತ್ರೆಯ ಭಾಗವೇ. ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಂದು ಪುಟ್ಟ ಕಾರು, 2001ರ ವಿದ್ಯುತ್ ಚಾಲಿತ ರೇವಾ, ಈಗ ಇದೇ ಹಾದಿ ಹಿಡಿದಿದೆ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿದ ಅದರ ಮೈಯೂ ತಗಡಿನದಲ್ಲ, ಪ್ಲಾಸ್ಟಿಕ್. ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಬ್ಯಾಟರಿ ಹಾಕಿ ಓಡಿಸುವವರು ಇಲ್ಲೂ ಅಲ್ಲೂ ಇದ್ದಾರೆ.

ಕಾನೂನಿನ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎಂಜಿನ್ ಬದಲಿಸಲು ತುಮಕೂರಿನ ಕೆಎ-06 ಆಗಲಿ ಮಧುಗಿರಿಯ ಕೆಎ-64 ಆಗಲಿ, ಆರ್‌ಟಿಒ ಅನುಮತಿ ಬೇಕೇ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೊದಲ ಡಾಲ್ಫಿನ್‌ಗಳು ಆ ವಯಸ್ಸು ತಲುಪುವುದು 2032ರಲ್ಲಿ, ಮೂಲ ಎಂಜಿನ್ ಉಳಿಸಿಕೊಂಡಿದ್ದರೆ ಮಾತ್ರ. 1975ರ ಬಾದಲ್‌ಗೆ ಈಗಾಗಲೇ ಐವತ್ತು ತುಂಬಿದೆ. ಆದರೆ ನಿಯಮದಲ್ಲಿ ಬರೆದಿರುವುದು ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳೆಂದು. ಅದರ ಅಕ್ಷರಾರ್ಥ ಹಿಡಿದರೆ, ಬೆಂಗಳೂರಿನ ಆ ಮೊದಲ ಮೂರು ಚಕ್ರದ ಕಾರಿಗೆ ವಿಂಟೇಜ್ ಪಟ್ಟಿಯಲ್ಲಿ ಜಾಗವಿಲ್ಲ.